ಒಂದು ಗೇಣು ಒಳಗೆ

“ನಿಮ್ಮ ನೆಲಾನೇ ವಾಲಿದೆ,” ಎಂದಳು ಅತ್ತಿಗೆ.

ಆಸ್ಪತ್ರೆಯ ಮೂರನೆಯ ಮಹಡಿಯ ಕೋಣೆಯೊಂದರಲ್ಲಿ, ತೂಕದ ಯಂತ್ರದಂತಿದ್ದ ಹಲಗೆಯ ಮೇಲೆ ಅವಳನ್ನು ಬರಿಗಾಲಲ್ಲಿ ನಿಲ್ಲಿಸಿದ್ದರು. ಎದುರಿನ ಪರದೆಯಲ್ಲಿ ಒಂದು ವೃತ್ತ, ವೃತ್ತದೊಳಗೆ ಒಂದು ಕೆಂಪು ಚುಕ್ಕೆ. ಕಣ್ಣು ಬಿಟ್ಟುಕೊಂಡು ನಿಂತಷ್ಟು ಹೊತ್ತು ಚುಕ್ಕೆ ನಡುವೆಯೇ ಇತ್ತು. ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿ ತೆರೆದು ನೋಡಿದರೆ, ಅದು ಹೇಳದೆ ಕೇಳದೆ ಎಡಗಡೆಗೆ ಹೊರಟು ವೃತ್ತದ ಅಂಚಿನಲ್ಲಿ ಹೋಗಿ ಕೂತಿತ್ತು.

“ನೆಲ ಸರಿಯಾಗಿದೆ ಅಮ್ಮ,” ಎಂದಳು ಫಿಸಿಯೋ. ಆಪರೇಷನ್ ಆದವರಿಗೆ ವ್ಯಾಯಾಮ ಕಲಿಸುವುದು ಅವಳ ಕೆಲಸ. “ವಾಲ್ತಿರೋದು ನೀವು. ಈ ಎಡಗೈ ಬಲಗೈಗಿಂತ ಹತ್ತಿರ ಹತ್ತಿರ ಒಂದು ಕಿಲೋ ಜಾಸ್ತಿ ತೂಗುತ್ತೆ. ಮೈಯನ್ನ ಆ ಕಡೆ ಎಳೀತಾ ಇರುತ್ತೆ. ಎರಡು ವರ್ಷ ಎಳೆಸಿಕೊಂಡು ಎಳೆಸಿಕೊಂಡು, ಈಗ ನಿಮ್ಮ ಮೈಗೆ ಓರೆಯಾಗಿ ನಿಂತ್ರೇನೇ ನೆಟ್ಟಗೆ ನಿಂತ ಹಾಗೆ ಅನ್ಸುತ್ತೆ.”

ಅತ್ತಿಗೆ ಹಲಗೆಯಿಂದ ಇಳಿದು ಕೈಚೀಲದೊಳಗಿಂದ ಒಂದು ರಸಮಟ್ಟ ತೆಗೆದಳು. ಗಾಜಿನ ಕೆಲಸದವರ ಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ರಸಮಟ್ಟ ಇರುತ್ತದೆ. ಅದನ್ನು ಹಲಗೆಯ ಮೇಲಿಟ್ಟಳು. ನೀರಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು. ಅಡ್ಡಡ್ಡ ತಿರುಗಿಸಿ ಇಟ್ಟಳು. ಗುಳ್ಳೆ ಮತ್ತೆ ನಡುವೆಯೇ ನಿಂತಿತು. ಅತ್ತಿಗೆ ಅದನ್ನು ದುರುಗುಟ್ಟಿ ನೋಡಿದಳು.

“ಇದೂ ಕೆಟ್ಟಿದೆ,” ಎಂದು ಚೀಲಕ್ಕೆ ತುರುಕಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಅತ್ತಿಗೆಗೆ ಗೊತ್ತಿರಲಿಲ್ಲವೆಂದಲ್ಲ. ನಾದಿನಿಯ ವಿಷಯದಲ್ಲಿ ಅದನ್ನು ದಿನಕ್ಕೊಂದು ಸಲವಾದರೂ ಆಡುತ್ತಿದ್ದಳು. ಗಾದೆಗಳೆಲ್ಲ ಇರುವುದು ಬೇರೆಯವರಿಗೆ ಎಂಬುದು ಅವಳ ನಂಬಿಕೆ.

ಫಿಸಿಯೋ ಟೇಪು ಹಿಡಿದು ಮಣಿಕಟ್ಟು, ಮುಂಗೈ, ತೋಳು ಅಳೆದು ಕಾರ್ಡಿನಲ್ಲಿ ಬರೆದುಕೊಂಡಳು. ಕ್ಯಾನ್ಸರಿಗಾಗಿ ಎಡ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದು ಮೂರು ವರ್ಷವಾಗಿತ್ತು. ರೋಗ ಹೋಯಿತು, ಕೈ ಊದಿಕೊಂಡು ಉಳಿಯಿತು. ಹರಿದು ಹೋಗಬೇಕಾದ ನೀರಿಗೆ ಈಗ ದಾರಿಯಿಲ್ಲ, ಕೈಯಲ್ಲೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಗಲೆಲ್ಲ ಮಣಿಕಟ್ಟಿನಿಂದ ಕಂಕುಳವರೆಗೆ ಬಿಗಿಯಾದ ಎಲಾಸ್ಟಿಕ್ ತೋಳುಚೀಲ ಹಾಕಿಕೊಳ್ಳಬೇಕು. ಹಾಕುವುದಕ್ಕೆ ಹತ್ತು ನಿಮಿಷ, ಬೈಯುವುದಕ್ಕೆ ಇನ್ನೊಂದು ಹತ್ತು.

“ಇತ್ತೀಚೆಗೆ ಎಲ್ಲಾದ್ರೂ ಬಿದ್ದಿದ್ದೀರಾ?”

“ಇಲ್ಲ.”

ಅವಳ ಲೆಕ್ಕದಲ್ಲಿ ಇದು ಸುಳ್ಳಲ್ಲ. ಬಾಗಿಲ ಚೌಕಟ್ಟು ಬಂದು ಎಡಭುಜಕ್ಕೆ ಬಡಿದಿತ್ತು. ಬಸ್ಸಿನ ಮೆಟ್ಟಿಲು ಕಾಲಿಗೆ ಸಿಕ್ಕಿಕೊಂಡಿತ್ತು. ಅಡುಗೆಮನೆಯ ಕಟ್ಟೆಯ ಮೂಲೆ ವಾರಕ್ಕೆರಡು ಸಲ ಸೊಂಟಕ್ಕೆ ತಿವಿಯುತ್ತಿತ್ತು. ಇದೆಲ್ಲ ಚೌಕಟ್ಟು, ಮೆಟ್ಟಿಲು, ಕಟ್ಟೆಗಳ ಅಧಿಕಪ್ರಸಂಗ, ಅವಳದ್ದೇನಿದೆ ಅದರಲ್ಲಿ.

“ಭಾರ ಎತ್ತೋ ಕೆಲಸ ಏನಾದ್ರೂ?”

“ಗಾಜು.”

ಫಿಸಿಯೋ ಪೆನ್ನು ಕೆಳಗಿಟ್ಟಳು. “ಹತ್ತು ಕಿಲೋಗಿಂತ ಜಾಸ್ತಿ ಸದ್ಯಕ್ಕೆ ಬೇಡ. ನಿಲ್ಲೋ ಅಭ್ಯಾಸ ಹೇಳಿಕೊಡ್ತೀನಿ, ಮೂರು ತಿಂಗಳು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎತ್ತೋಕೆ ಶುರು ಮಾಡೋಣ. ಜೊತೆಗೆ ಕೆಲಸ ಮಾಡೋರಿಗೂ ಒಂದು ಮಾತು ಹೇಳಿರಿ. ಅವರೂ ನೋಡ್ಕೋತಾರೆ.”

ಜೊತೆಗೆ ಕೆಲಸ ಮಾಡುವವಳು ನಾದಿನಿ. ಅವಳಿಗೆ ಈ ಮಾತು ಹೇಳುವ ಬದಲು ಅತ್ತಿಗೆ ಗಾಜನ್ನೇ ಅಗಿದು ನುಂಗಿಯಾಳು. ‘ಹೇಳ್ತೀನಿ’ ಎಂದು ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಮೂರು ಮಹಡಿ ಇಳಿದಳು. ಯಾರಿಗೂ ಹೇಳಲಿಲ್ಲ.

ಅವಳನ್ನು ಅತ್ತಿಗೆ ಎಂದು ಕರೆಯಲು ಹಕ್ಕಿದ್ದದ್ದು ಒಬ್ಬಳಿಗೇ, ಗಂಡನ ತಂಗಿಗೆ. ಆದರೆ ಗಾಜಿನ ಅಂಗಡಿಗೆ ಬರುವ ಗಿರಾಕಿಗಳು, ವ್ಯಾನಿನ ಡ್ರೈವರು, ಎದುರಿನ ಬಣ್ಣದಂಗಡಿಯವನು ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದರು. ಅಂಗಡಿಯನ್ನು ಇಟ್ಟವರು ಮಾವ. ಮುಂದೆ ಕೌಂಟರು, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬನಾತು ಹಾಸಿದ ಕತ್ತರಿಸುವ ಮೇಜು, ಗೋಡೆಗುಂಟ ಗಾಜಿನ ಹಾಳೆಗಳನ್ನು ಒರಗಿಸುವ ಓರೆ ಸ್ಟ್ಯಾಂಡುಗಳು. ಕತ್ತರಿಸುವುದು ಗಂಡನ ಕೆಲಸ. ಹೊರುವುದು ಇಬ್ಬರು ಹೆಂಗಸರದು. ‘ಗಾಜಿಗೆ ತೋಳ್ಬಲ ಬೇಡ, ಇಬ್ಬರ ಹೆಜ್ಜೆ ಒಂದಾಗ್ಬೇಕು’ ಎಂದು ಮಾವ ಹೇಳುತ್ತಿದ್ದರು. ಹೇಳಿ, ಸೊಸೆಯನ್ನೂ ಮಗಳನ್ನೂ ಆರಿಸಿದರು. ಎಣ್ಣೆ ಸೀಗೆಕಾಯಿಯನ್ನು ಜೋಡಿ ಮಾಡಿದ ಪುಣ್ಯಾತ್ಮ.

ಆದರೂ ಇಪ್ಪತ್ತೆರಡು ವರ್ಷ ಆ ಜೋಡಿ ಒಂದು ಹಾಳೆಯನ್ನೂ ಒಡೆದಿರಲಿಲ್ಲ. ಮಾವನ ನಿಯಮ ಎರಡೇ. ಒಂದು, ಗಾಜನ್ನು ಅಂಚಿನ ಮೇಲೆ ನಿಲ್ಲಿಸಿ ಹೊರುವಾಗ ಇಬ್ಬರೂ ತಂತಮ್ಮ ತುದಿಯಿಂದ ಉದ್ದದ ಕಾಲು ಭಾಗ ಬಿಟ್ಟು ಕೆಳಗೆ ಕೈ ಕೊಡಬೇಕು. ಆಗ ಭಾರ ಸಮಪಾಲಾಗುತ್ತದೆ. ಎರಡು, ಜಾರಿದ ಗಾಜನ್ನು ಹಿಡಿಯಲು ಹೋಗಬಾರದು. ಬಿಟ್ಟು ಹಿಂದೆ ಸರಿಯಬೇಕು. ನಾದಿನಿ ಮುಂದೆ, ಅತ್ತಿಗೆ ಹಿಂದೆ. ಹಿಂದಿನವಳಿಗೆ ದಾರಿಯೂ ಗಾಜೂ ಎರಡೂ ಕಾಣುವುದರಿಂದ ಅಪ್ಪಣೆ ಅವಳದು. ‘ಎತ್ತು’, ‘ನಡಿ’, ‘ನಿಲ್ಲು’, ‘ಇಳಿಸು’.

ಮೂರು ವರ್ಷದಿಂದ ಅವರ ನಡುವೆ ಉಳಿದದ್ದು ಈ ನಾಲ್ಕೇ ಮಾತು. ಅತ್ತಿಗೆ ಆಸ್ಪತ್ರೆಯಿಂದ ಮರಳಿದ ಮೊದಲ ದಿನ ಶೆಡ್ಡಿಗೆ ಬಂದು ನೋಡಿದರೆ, ತನ್ನ ಗೂಟದಲ್ಲಿ ಬೇರೆ ಯಾರದೋ ಕೈಗವಸು ನೇತಾಡುತ್ತಿತ್ತು. ಅವಳ ಎದೆಯ ಹೊಲಿಗೆ ಇನ್ನೂ ಒಣಗಿರಲಿಲ್ಲ, ನಾದಿನಿ ಆಗಲೇ ಬದಲಿಯವಳೊಬ್ಬಳನ್ನು ತಂದು ಹಿಂದಿನ ತುದಿ ಹಿಡಿಸಿದ್ದಳು. ‘ಕೆಲಸ ನಿಲ್ಲಿಸೋಕೆ ಆಗುತ್ತಾ’ ಎಂದು ಗಂಡ ತಂಗಿಯ ಪರ ವಕಾಲತ್ತು ಮಾಡಿದ. ಬದಲಿಯವಳು ಎರಡು ತಿಂಗಳಲ್ಲಿ ಹೋದಳು. ಅತ್ತಿಗೆಯ ಹೊಟ್ಟೆಯೊಳಗಿನ ಕಿಚ್ಚು ಹೋಗಲಿಲ್ಲ. ಕೊರೆದು ತೆಗೆಯಿಸಿಕೊಂಡದ್ದು ಸಾಲದು ಎಂಬಂತೆ ಈ ಹೆಂಗಸು ತನ್ನ ಜಾಗವನ್ನೂ ಕೊರೆಯಲು ಬಂದಳಲ್ಲ ಎಂದು ಅವಳಿಗೆ ಸಂಕಟವಾಗಿತ್ತು, ಈಗಲೂ ಆಗುತ್ತಿತ್ತು.

ಅದಕ್ಕೇ ಆ ಜಾಗ ಬಿಡಬಾರದು. ಪ್ರಾಣ ಹೋದರೂ ಕೌಂಟರಿನ ಹಿಂದಿನ ಕುರ್ಚಿಯಲ್ಲಿ ಕೂರಬಾರದು.

ಆ ತಿಂಗಳು ಒಂದು ದೊಡ್ಡ ಕೆಲಸ ಬಂದಿತ್ತು. ನೃತ್ಯ ಕಲಿಸುವ ಶಾಲೆಯೊಂದಕ್ಕೆ ಗೋಡೆ ತುಂಬ ಕನ್ನಡಿ. ಆರಡಿ ಉದ್ದ, ನಾಲ್ಕಡಿ ಅಗಲದ ಹತ್ತು ಹಾಳೆ. ಒಂದೊಂದೂ ಮೂವತ್ತು ಕಿಲೋ ಚಿಲ್ಲರೆ. ಶೆಡ್ಡಿನಿಂದ ಬಾಗಿಲು ದಾಟಿಸಿ, ಬಲಕ್ಕೆ ತಿರುಗಿ, ಇಳಿಜಾರು ಇಳಿದು ವ್ಯಾನಿಗೆ ಏರಿಸಬೇಕು. ಸೋಮವಾರ ಒಂದರ ಕೆಳಮೂಲೆ ನೆಲಕ್ಕೆ ತಾಗಿ ಚಕ್ಕೆ ಎದ್ದಿತು. ಬುಧವಾರ ಇನ್ನೊಂದರದು. ಎರಡೂ ಹಿಂದಿನ ತುದಿಯ ಮೂಲೆ.

“ಏನಾಗ್ತಿದೆ?” ಎಂದ ಗಂಡ. ಅವನು ಇಬ್ಬರಿಗೂ ಹೆದರುವವನು. ಆದ್ದರಿಂದ ಪ್ರಶ್ನೆಯನ್ನು ಗಾಜಿಗೆ ಕೇಳುವಂತೆ ಕೇಳಿದ.

“ಮುಂದಿನೋರನ್ನ ಕೇಳಿ,” ಎಂದಳು ಅತ್ತಿಗೆ.

ಮುಂದಿನವಳು ಬಾಯಿ ಬಿಡಲಿಲ್ಲ. ಬಗ್ಗಿ ಚಕ್ಕೆಗಳನ್ನು ಬಳಿದು ಡಬ್ಬಕ್ಕೆ ಹಾಕಿದಳು. ಆ ಮೌನವೇ ಅತ್ತಿಗೆಗೆ ಸಾಕ್ಷಿಯಾಯಿತು. ತಪ್ಪಿಲ್ಲದವರು ಸುಮ್ಮನಿರುತ್ತಾರೆಯೇ? ಅವಳಂತೂ ಎಂದೂ ಇದ್ದವಳಲ್ಲ.

ಅವಳಿಗೆ ನಡೆಯುವಾಗ ಏನೋ ಆಗುತ್ತಿದ್ದದ್ದು ನಿಜ. ಬಾಗಿಲ ಬಳಿ ತಿರುಗುವಾಗ ಗಾಜು ತನ್ನನ್ನು ಎಡಕ್ಕೆ ದೂಡಿದಂತೆ, ಹೆಜ್ಜೆ ಎಲ್ಲಿಡಬೇಕೋ ಅಲ್ಲಿ ನೆಲ ಇಲ್ಲದಂತೆ. ಫಿಸಿಯೋಳ ಕೆಂಪು ಚುಕ್ಕೆ ಒಮ್ಮೆ ನೆನಪಿಗೆ ಬಂತು. ಅದನ್ನು ಅಲ್ಲೇ ಹೊಸಕಿ ಹಾಕಿದಳು. ಮುಂದಿನವಳು ಏನೋ ಮಾಡುತ್ತಿದ್ದಾಳೆ. ಬೇಕೆಂದೇ ಮಾಡುತ್ತಿದ್ದಾಳೆ. ತಾನು ಎಡವಬೇಕು, ಎಲ್ಲರೆದುರು ಗಾಜು ಬೀಳಬೇಕು, ‘ಪಾಪ, ಅತ್ತಿಗೆಗೆ ಇನ್ನು ಆಗಲ್ಲ’ ಎನ್ನಿಸಬೇಕು.

ಗುರುವಾರದಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹೊರುವಾಗ ಮುಂದಿನವಳ ಮೈ ಅಡ್ಡವಿರುವುದರಿಂದ ಅವಳ ಕೈ ಕಾಣುವುದಿಲ್ಲ. ಆದರೆ ಕನ್ನಡಿ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ರಬ್ಬರು ಕೈಗವಸಿನ ಹೆಬ್ಬೆರಳು ಒತ್ತಿದಲ್ಲಿ ಕಾಣದ ಜಿಡ್ಡು ಕೂರುತ್ತದೆ. ಊದಿದರೆ ಉಸಿರಿನ ಮಂಜು ಆ ಜಾಗವನ್ನು ಬಿಟ್ಟು ಸುತ್ತಲೂ ಕಟ್ಟುತ್ತದೆ. ಶುಕ್ರವಾರ ಬೆಳಿಗ್ಗೆ, ನಾದಿನಿ ಕೈ ತೊಳೆಯಲು ಹೋದಾಗ, ಅತ್ತಿಗೆ ವ್ಯಾನಿನೊಳಗೆ ಮಂಡಿಯೂರಿ ಆಗಷ್ಟೇ ಏರಿಸಿದ ಎಂಟನೆಯ ಕನ್ನಡಿಯ ಕೆಳ ಅಂಚಿಗುಂಟ ಊದುತ್ತಾ ಹೋದಳು. ತನ್ನ ಹೆಬ್ಬೆರಳು ತುದಿಯಿಂದ ಎರಡು ಗೇಣಿಗೆ, ಕಾಲು ಭಾಗದಲ್ಲಿ, ಗೆರೆ ಕೊರೆದಂತೆ ಇತ್ತು. ನಾದಿನಿಯ ಹೆಬ್ಬೆರಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅದು ಒಂದು ಗೇಣು ಒಳಗಿತ್ತು, ಹಾಳೆಯ ನಡುವಿನ ಹತ್ತಿರಕ್ಕೆ.

ಅತ್ತಿಗೆಗೆ ಬಹಳ ದಿನದ ಮೇಲೆ ಸಂತೋಷವಾಯಿತು. ಮೈಯಲ್ಲೆಲ್ಲ ಬೆಚ್ಚಗೆ ಹರಿದಾಡಿತು ಆ ಸಂತೋಷ. ಗಂಡನನ್ನು ಕೂಗಿದಳು, ನಾದಿನಿಯನ್ನೂ ಕೂಗಿದಳು.

“ನೋಡಿ. ಇದು ನನ್ನ ಕೈ, ಮಾವ ಹೇಳಿದ ಜಾಗದಲ್ಲಿದೆ. ಇದು ನಿಮ್ಮ ತಂಗಿ ಕೈ. ಎಲ್ಲಿದೆ ನೋಡಿ. ನನ್ನ ಪಾಲಿಗೆ ಕೈ ಹಾಕೋಕೆ ಬಂದಿದ್ದಾಳೆ. ಅಷ್ಟು ಒಳಗೆ ಹಿಡಿದ್ರೆ ಗಾಜು ತಕ್ಕಡಿ ದಂಡಿ ಥರ ಆಡುತ್ತೆ, ನನ್ನ ತುದಿ ಎತ್ತಿ ಕುಕ್ಕುತ್ತೆ. ಮೂಲೆ ಯಾಕೆ ಹೋಗ್ತಿದೆ ಅಂತ ಈಗ ಗೊತ್ತಾಯ್ತಾ?”

ಗಂಡ ಟೇಪು ಬಿಚ್ಚಿ ಅಳೆದ. ಅಳತೆ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಜೀವನದ ಏಕೈಕ ಸಿದ್ಧಾಂತ. ಅವನು ತಂಗಿಯ ಕಡೆ ನೋಡಿದ. ಅವಳ ಬಲಗೈ ತಾನಾಗಿಯೇ ಎಡಭುಜಕ್ಕೆ ಹೋಗಿ, ಅಲ್ಲಿ ತಿಕ್ಕುತ್ತಿತ್ತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎಂದಳು ಅತ್ತಿಗೆ.

ನಾದಿನಿ ಕೈ ಕೆಳಗಿಳಿಸಿದಳು. ಅವಳ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದು, ಅಣ್ಣನ ಮುಖ ನೋಡಿ ಮುಚ್ಚಿದಳು.

“ಅಪ್ಪ ಹೇಳಿದ್ದು ಕಾಲು ಭಾಗ,” ಎಂದ ಗಂಡ. “ನಿಂಗೆ ಗೊತ್ತಿಲ್ವಾ? ಇಷ್ಟು ವರ್ಷ ಆದ್ಮೇಲೆ ಇದನ್ನೂ ಹೇಳ್ಕೊಡ್ಬೇಕಾ?”

“ಆಯ್ತು,” ಎಂದಳು ನಾದಿನಿ. “ಹೇಳಿದಲ್ಲೇ ಹಿಡೀತೀನಿ.”

ಅತ್ತಿಗೆ ಅಷ್ಟಕ್ಕೂ ಬಿಡಲಿಲ್ಲ. ಗಾಜಿನ ಮೇಲೆ ಬರೆಯುವ ಮೇಣದ ಪೆನ್ಸಿಲು ತಂದು, ಸ್ಟ್ಯಾಂಡಿನಲ್ಲಿದ್ದ ಒಂಬತ್ತನೆಯ ಕನ್ನಡಿಯ ಎರಡೂ ಕಡೆ ಕಾಲು ಭಾಗ ಅಳೆದು, ದಪ್ಪಗೆ ಹಳದಿ ಗೆರೆ ಎಳೆದಳು. ನಾದಿನಿಯ ಕಡೆಯ ಗೆರೆಯನ್ನು ಎರಡು ಸಲ ತಿದ್ದಿದಳು. ಎಳೆಯ ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ.

“ಎತ್ತು.”

ನಾದಿನಿ ಗೆರೆಯ ಮೇಲೆ ಹೆಬ್ಬೆರಳಿಟ್ಟು ಎತ್ತಿದಳು.

ಎತ್ತಿದ ಕ್ಷಣವೇ ಅತ್ತಿಗೆಗೆ ಏನೋ ತಪ್ಪಿದೆ ಅನ್ನಿಸಿತು. ಹಾಳೆ ಬೇರೆಯದೇನಲ್ಲ, ಅದೇ ಉದ್ದ, ಅದೇ ದಪ್ಪ. ಆದರೆ ಭಾರ ನೇರವಾಗಿ ಎಡಗೈಗೆ ಬಂದು ಕೂತಿತು. ಎಲಾಸ್ಟಿಕ್ ತೋಳುಚೀಲದೊಳಗೆ ಊದಿದ ಮಾಂಸವೆಲ್ಲ ಮಣಿಕಟ್ಟಿನ ಕಡೆ ಹರಿದು ಬಂದಂತಾಯಿತು. ಎರಡು ವರ್ಷದಿಂದ ಗಾಜು ಇಷ್ಟು ಭಾರ ಇದ್ದದ್ದು ಅವಳಿಗೆ ನೆನಪಿಲ್ಲ. ನಿಲ್ಲು ಎನ್ನಬಹುದಿತ್ತು. ಅಪ್ಪಣೆ ಅವಳದೇ ಆಗಿತ್ತು. ಆದರೆ ಅಪ್ಪಣೆ ಕೊಟ್ಟರೆ ಮುಂದಿನವಳು ತಿರುಗಿ ನೋಡುತ್ತಾಳೆ.

“ನಡಿ,” ಎಂದಳು.

ಎಂಟು ಹೆಜ್ಜೆ ಸರಿಯಾಗಿ ಹೋಯಿತು. ಬಾಗಿಲಲ್ಲಿ ನಾದಿನಿ ಬಲಕ್ಕೆ ತಿರುಗಿದಳು. ಹಿಂದಿನ ತುದಿ ಎಡಕ್ಕೆ ಹೊರಳಬೇಕು, ಅದರ ಜೊತೆ ಅತ್ತಿಗೆ ಎಡಕ್ಕೆ ಒಂದು ಹೆಜ್ಜೆ ಇಡಬೇಕು. ಸಾವಿರಾರು ಸಲ ಇಟ್ಟ ಹೆಜ್ಜೆ. ಇಟ್ಟಳು. ಮೈ ಹೆಜ್ಜೆಯಲ್ಲಿ ನಿಲ್ಲದೆ ಅದನ್ನು ದಾಟಿ ಹೋಯಿತು. ತಾನು ನೆಟ್ಟಗೇ ಇದ್ದೇನೆ, ಗೋಡೆಯೇ ತನ್ನ ಮೇಲೆ ಬರುತ್ತಿದೆ ಎಂದು ಕೊನೆಯವರೆಗೂ ಅವಳಿಗೆ ಅನ್ನಿಸುತ್ತಿತ್ತು. ಎಡಭುಜ ಚೌಕಟ್ಟಿಗೆ ಬಡಿಯಿತು, ಮಂಡಿ ಮಡಚಿಕೊಂಡಿತು, ಬೆರಳುಗಳ ಸಂದಿಯಿಂದ ಅಂಚು ಜಾರಿತು.

ಮುಂದಿನವಳು ಮಾವ ಕಲಿಸಿದಂತೆಯೇ ಮಾಡಿದಳು. ಬಿಟ್ಟು ಹಿಂದೆ ಸರಿದಳು. ಕನ್ನಡಿ ಹೊಸ್ತಿಲ ಮೇಲೆ ಬಿದ್ದು, ಸದ್ದು ಎದುರಿನ ಬಣ್ಣದಂಗಡಿಯವರೆಗೆ ಹೋಯಿತು.

ಅತ್ತಿಗೆ ಚೂರುಗಳಿಂದ ಒಂದು ಮೊಳ ದೂರದಲ್ಲಿ ನೆಲಕ್ಕೆ ಕೂತಿದ್ದಳು. ಪುಣ್ಯಕ್ಕೆ ಕೈ ಕೊಯ್ದಿರಲಿಲ್ಲ. ಆ ಕೈಗೆ ಗಾಯವಾದರೆ ಕೀವು ಹಿಡಿಯುವುದು ಬೇಗ ಎಂದು ಡಾಕ್ಟರು ನೂರು ಸಲ ಹೇಳಿದ್ದರು. ನಾದಿನಿ ಚೂರುಗಳ ಆಚೆ ನಿಂತು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದಳು. ರಕ್ತ ಇಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದಳು.

“ಗೆರೆ ಮೇಲೇ ಹಿಡಿದಿದ್ದೆ.”

ಗಂಡ ಓಡಿ ಬಂದ. ಹೆಂಡತಿಯನ್ನು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದ, ನೀರು ಕೊಟ್ಟ, ಒಡೆದ ಹಾಳೆ ನೋಡಿದ, ನೃತ್ಯಶಾಲೆಯವರಿಗೆ ಏನು ಹೇಳುವುದೆಂದು ತಲೆ ಕೆರೆದುಕೊಂಡ. ಕೊನೆಗೆ ಫೋನು ಹಿಡಿದು ಕೌಂಟರಿಗೆ ಹೋದ. ಅವನ ‘ಹಾಗಲ್ಲ ಸಾರ್, ಹಾಗಲ್ಲ’ ಮುಂದಿನ ಕೋಣೆಯಿಂದ ಕೇಳುತ್ತಲೇ ಇತ್ತು.

ನಾದಿನಿ ಗುಡಿಸತೊಡಗಿದಳು. ಅತ್ತಿಗೆ ಬೆಂಚಿನಿಂದ ಅವಳನ್ನೇ ನೋಡುತ್ತಿದ್ದಳು. ಬಲಗೈಯಲ್ಲಿ ಪೊರಕೆ. ಎಡಗೈ ಪಕ್ಕೆಗೆ ಅಂಟಿಕೊಂಡಿತ್ತು. ದೊಡ್ಡ ಚೂರೊಂದನ್ನು ಮೇಲಿನ ಹಲಗೆಗೆ ಇಡಬೇಕಾದಾಗ ಪೊರಕೆ ಕೆಳಗಿಟ್ಟು ಬಲಗೈಯಲ್ಲೇ ಇಟ್ಟಳು. ಎಡಗೈ ಭುಜದ ಮಟ್ಟಕ್ಕೂ ಏಳಲಿಲ್ಲ.

ಈಗ ಅತ್ತಿಗೆ ಲೆಕ್ಕ ಹಾಕಿದಳು. ಮೊದಲೇ ಹಾಕಬೇಕಿದ್ದ ಲೆಕ್ಕ. ಮಾವ ಅಂಗಡಿಗೆ ಸೇರಿದವರಿಗೆಲ್ಲ ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದ ಲೆಕ್ಕ. ಹಾಳೆಯ ನಡುವಿನಿಂದ ಕಾಲು ಭಾಗಕ್ಕೆ ಎರಡು ಗೇಣು. ಒಬ್ಬರು ಎರಡು ಗೇಣಿನಲ್ಲಿ, ಇನ್ನೊಬ್ಬರು ಒಂದೇ ಗೇಣಿನಲ್ಲಿ ಹಿಡಿದರೆ, ಒಳಗೆ ಹಿಡಿದವರ ಮೇಲೆ ಮೂರರಲ್ಲಿ ಎರಡು ಪಾಲು ಭಾರ. ಮೂವತ್ತು ಕಿಲೋದಲ್ಲಿ ಇಪ್ಪತ್ತು. ಹಿಂದಿನವಳಿಗೆ ಉಳಿಯುವುದು ಹತ್ತು.

ಇಪ್ಪತ್ತೆರಡು ವರ್ಷ ಗಾಜು ಹೊತ್ತವಳಿಗೆ ಇದು ಹೊಳೆಯಲಿಲ್ಲವೆಂದರೆ ಯಾರು ನಂಬುತ್ತಾರೆ? ಹೊಳೆಯದಿದ್ದದ್ದಲ್ಲ, ಹೊಳೆಯಲು ಬಿಟ್ಟಿರಲಿಲ್ಲ. ನಾದಿನಿ ಕಳ್ಳಿ ಎಂಬುದು ಸಿಹಿಯಾಗಿತ್ತು. ತನ್ನ ಮೈ ತನ್ನ ಮಾತು ಕೇಳುತ್ತಿಲ್ಲ ಎಂಬುದು ಗಂಟಲಲ್ಲಿ ಇಳಿಯುವಂಥದಾಗಿರಲಿಲ್ಲ.

“ಎಷ್ಟು ದಿನದಿಂದ?” ಎಂದಳು. ಮೂರು ವರ್ಷದಲ್ಲಿ ಅಪ್ಪಣೆಯಲ್ಲದ ಮೊದಲ ಮಾತು.

ನಾದಿನಿ ಗುಡಿಸುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಕೈ ಊದೋಕೆ ಶುರುವಾದಾಗಿಂದ. ಎರಡು ವರ್ಷ ಆಯ್ತು. ಗಾಜಿನಲ್ಲೇ ಗೊತ್ತಾಗುತ್ತೆ. ಹಿಂದೆ ನೀವು ವಾಲಿದ್ರೆ ಇಲ್ಲಿ ಅಂಗೈಗೆ ಬರುತ್ತೆ. ಮೊದಲು ಬೆರಳಷ್ಟು ಒಳಗೆ ಬಂದೆ. ಆಮೇಲೆ ಅಂಗೈಯಷ್ಟು. ಈಗ ಒಂದು ಗೇಣು. ಈ ತಿಂಗಳು ನನಗೂ ಸಾಲ್ತಾ ಇರಲಿಲ್ಲ, ಮೂಲೆ ಹೋಯ್ತು.”

“ಯಾಕೆ ಹೇಳ್ಲಿಲ್ಲ?”

“ಯಾರಿಗೆ, ನಿಮಗಾ?” ನಾದಿನಿ ಮೂಗಿನಲ್ಲಿ ನಕ್ಕಳು. “ಹೇಳಿದ್ರೆ ಕೇಳ್ತಿದ್ರಾ? ಅಣ್ಣಂಗೆ ಹೇಳಿದ್ರೆ ನಿಮ್ಮನ್ನ ಕೌಂಟರಲ್ಲಿ ಕೂರಿಸಿ ಹೊಸಬಳನ್ನ ತರ್ತಿದ್ದ. ಹೊಸಬಳ ಜೊತೆ ಎರಡು ತಿಂಗಳು ಹೊತ್ತಿದ್ದೀನಿ, ನನಗೆ ಗೊತ್ತು. ಬೀರು ಸಾಗಿಸೋ ಹಾಗೆ ಎತ್ತೋಳು. ನಾನೇ ಅವಳನ್ನ ಓಡಿಸಿದ್ದು. ಗಾಜು ತಿಳಿದಿರೋದು ನಿಮ್ಮ ಕೈಗೇ. ಕೈ ಬಗ್ಗೆ ಮಾತ್ರ ಹೇಳ್ತಿದ್ದೀನಿ, ನಿಮ್ಮ ಬಗ್ಗೆ ಅಲ್ಲ.”

ಅತ್ತಿಗೆಗೆ ಕಪಾಳಕ್ಕೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈಗುಳಕ್ಕೆ ಅವಳಲ್ಲಿ ಸದಾ ತಯಾರಿ ಇತ್ತು. ವೈರಿಯ ಕೈಯ ಮೇಲೆ ಎರಡು ವರ್ಷ ಕೂಸಿನಂತೆ ನಡೆದಿದ್ದೇನೆ ಎಂಬುದಕ್ಕೆ ತಯಾರಿ ಇರಲಿಲ್ಲ. ನಾಚಿಕೆಯಾಯಿತು. ನಾಚಿಕೆ ಅರೆಗಳಿಗೆ ಕೂಡ ನಾಚಿಕೆಯಾಗಿ ಉಳಿಯಲಿಲ್ಲ, ಸಿಟ್ಟಾಯಿತು. ಕೇಳದೆ ಉಪಕಾರ ಮಾಡಲು ಇವಳ್ಯಾರು?

“ನಿನ್ನ ಭುಜಕ್ಕೇನಾಗಿದೆ?”

ಪೊರಕೆ ನಿಂತಿತು. ನಾದಿನಿ ಮುಂದಿನ ಕೋಣೆಯ ಕಡೆ ಕಿವಿಗೊಟ್ಟಳು. ಅಣ್ಣ ಇನ್ನೂ ‘ಹಾಗಲ್ಲ ಸಾರ್’ ಎನ್ನುತ್ತಿದ್ದ.

“ನಿಮ್ಮ ಪಾಲಿನ ಭಾರ ಅಲ್ಲಿ ಹೋಗಿ ಕೂತಿದೆ,” ಎಂದಳು ತಗ್ಗಿದ ದನಿಯಲ್ಲಿ. “ಕೈ ಮೇಲಕ್ಕೆ ಬರಲ್ಲ. ಜಡೆ ಹಾಕ್ಕೊಳ್ಳೋಕೂ ಆಗಲ್ಲ. ಡಾಕ್ಟ್ರ ಹತ್ರ ಹೋಗಿಲ್ಲ, ಹೋದ್ರೆ ಎತ್ತಬೇಡ ಅಂತಾರೆ. ಅಣ್ಣಂಗೆ ಗೊತ್ತಿಲ್ಲ. ಗೊತ್ತಾದ್ರೆ ನಂಗೂ ಕುರ್ಚಿನೇ ಗತಿ. ಮನೇಲಿ ನಾಲ್ಕು ಗೋಡೆ, ಇಲ್ಲಿ ಕೌಂಟರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಈ ಶೆಡ್ ಬಿಟ್ಟು ಏನಿದೆ ಹೇಳಿ.” ಸ್ವಲ್ಪ ತಡೆದು, ಇಷ್ಟವಿಲ್ಲದೆ, ಪ್ರತಿ ಅಕ್ಷರವನ್ನೂ ಕಿತ್ತು ಕೊಟ್ಟಂತೆ ಸೇರಿಸಿದಳು: “ಅವನಿಗೆ ಹೇಳ್ಬೇಡಿ.”

ಅತ್ತಿಗೆ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ.

ಅರ್ಧ ಗಂಟೆಯ ಮೇಲೆ ಗಂಡ ಬಂದ. ನೃತ್ಯಶಾಲೆಯವರು ಒಪ್ಪಿದ್ದಾರೆ, ಒಡೆದ ಮೂರರ ಬದಲಿಗೆ ಸೋಮವಾರದೊಳಗೆ ಬೇರೆ ಕೊಟ್ಟರೆ ಸಾಕು, ಉಳಿದ ಹತ್ತನೆಯದನ್ನು ಈಗಲೇ ಏರಿಸಿ ವ್ಯಾನು ಕಳಿಸಬೇಕು. ಅವನು ಹೆಂಡತಿಯ ಮುಂದೆ ಬಂದು ನಿಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ.

“ಇವತ್ತಿಂದ 'ನನ್ನ ಕೈಲಿ ಆಗುತ್ತೆ' ಅನ್ಬೇಡ. ನೀನು ಕೌಂಟರ್ ನೋಡ್ಕೋ. ನಿನ್ನ ತುದಿ ನಾನು ಹಿಡೀತೀನಿ. ನಾನೂ ಇವಳೂ ಹೊರ್ತೀವಿ.”

ನಾದಿನಿ ಆಗಲೇ ಸ್ಟ್ಯಾಂಡಿನ ಹತ್ತಿರ ಹೋಗಿ ಕೈಗವಸು ಏರಿಸಿಕೊಳ್ಳುತ್ತಿದ್ದಳು. ಅವಳ ತುಟಿಯ ಅಂಚಿನಲ್ಲಿ ಒಂದು ನಗೆ ಹಾದು ಹೋಯಿತು. ಹಾದು ಹೋಯಿತೋ, ಅತ್ತಿಗೆಗೆ ಹಾಗೆ ಕಂಡಿತೋ, ದೇವರೇ ಬಲ್ಲ. ಆ ಎಡಗೈಯಲ್ಲಿ ಈ ಹಾಳೆ ನಿಲ್ಲುವುದಿಲ್ಲ ಎಂಬುದು ಅತ್ತಿಗೆಗೆ ಗೊತ್ತಿತ್ತು. ಬಾಗಿಲ ತಿರುವಿನಲ್ಲೋ ಇಳಿಜಾರಿನಲ್ಲೋ ಭುಜ ಕೈಕೊಡುತ್ತದೆ, ಗಾಜು ಕಾಲ ಮೇಲೆ ಬೀಳುತ್ತದೆ. ಇದೂ ಗೊತ್ತಿತ್ತು, ಜೊತೆಗೆ, ತಾನು ಕುರ್ಚಿಯಲ್ಲಿ ಕೂತು ಗಿರಾಕಿಗಳಿಗೆ ಚೀಟಿ ಬರೆಯುವಾಗ ಹಿಂದೆ ಶೆಡ್ಡಿನಲ್ಲಿ ಇವಳು ‘ನಡಿ’ ಎಂಬ ಮಾತಿಗೆ ಹೆಜ್ಜೆ ಹಾಕುತ್ತಿರುತ್ತಾಳೆ ಎಂಬುದೂ ಕಣ್ಣಿಗೆ ಕಟ್ಟಿತು. ಇವೆರಡರಲ್ಲಿ ಯಾವುದು ಅವಳ ನಾಲಿಗೆಯನ್ನು ಮೊದಲು ಮುಟ್ಟಿತೋ ಅವಳೇ ಬಲ್ಲಳು. ಬಹುಶಃ ಅವಳೂ ಬಲ್ಲವಳಲ್ಲ.

“ಸರಿ,” ಎಂದಳು. “ನಾನು ಎತ್ತಲ್ಲ. ಈ ಕೈ ನನ್ನನ್ನ ಬೀಳಿಸುತ್ತೆ. ಆಸ್ಪತ್ರೆಯಲ್ಲಿ ಹೇಳಿದ್ರು, ನಾನೇ ಮುಚ್ಚಿಟ್ಟೆ. ಮೂಲೆ ಒಡೆದದ್ದೂ ನನ್ನಿಂದ್ಲೇ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಆದ್ರೆ ಅವಳೂ ಎತ್ತೋ ಹಾಗಿಲ್ಲ. ಅವಳ ಎಡಭುಜ ಹೋಗಿದೆ. ಕೈ ಮೇಲೆತ್ತು ಅನ್ನಿ, ನೋಡೋಣ. ಹೊರೋಕೆ ಬೇರೆ ಇಬ್ಬರನ್ನ ಹುಡುಕಿ.”

ಗಂಡ ತಂಗಿಯ ಕಡೆ ತಿರುಗಿದ. “ಕೈ ಎತ್ತು,” ಎಂದ.

ನಾದಿನಿ ಎತ್ತಿದಳು. ಎದೆಯ ಮಟ್ಟದವರೆಗೆ ಬಂತು, ನಡುಗಿತು, ನಿಂತಿತು. ಹಲ್ಲು ಕಚ್ಚಿ ಇನ್ನೊಂದು ಬೆರಳಷ್ಟು ಮೇಲೆ ತಂದಳು. ಅವಳ ಹಣೆಯಲ್ಲಿ ಬೆವರು ಒಡೆಯಿತು. ಅಣ್ಣ ಹತ್ತಿರ ಹೋಗಿ, ಅವಳ ಕೈಯನ್ನು ತಾನೇ ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಅವಳ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟ. ವ್ಯಾನಿನ ಡ್ರೈವರನ್ನು ಕರೆಯಲು ಹೊರಗೆ ಹೋದ.

ನಾದಿನಿ ನಿಧಾನವಾಗಿ ಅತ್ತಿಗೆಯ ಕಡೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಅತ್ತಿಗೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ನಿಮ್ಮ ಗುಟ್ಟನ್ನ ನಾನು ಎರಡು ವರ್ಷ ಇಟ್ಕೊಂಡೆ ಅತ್ತಿಗೆ,” ಎಂದಳು. “ನೀವು ನಂದನ್ನ ಅರ್ಧ ಗಂಟೆ ಇಟ್ಕೊಳ್ಳಲಿಲ್ಲ.”

ಇದಕ್ಕೆ ಅತ್ತಿಗೆಯ ಬಳಿ ಉತ್ತರಗಳಿದ್ದವು. ನಿನ್ನ ಕಾಲಿನ ಮೇಲೆ ಗಾಜು ಬೀಳುತ್ತಿತ್ತು ಎನ್ನಬಹುದಿತ್ತು; ಅದು ನಿಜ. ಆದರೆ ಅದೊಂದೇ ನಿಜವಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ನಾದಿನಿ ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

ಅತ್ತಿಗೆ ಬೆಂಚಿನ ಮೇಲೆ ಕೂತು ತನ್ನ ಎಡಗೈಯ ಕೈಗವಸು ಬಿಚ್ಚತೊಡಗಿದಳು. ಬೆರಳುಗಳು ಬೆಳಿಗ್ಗೆಗಿಂತ ದಪ್ಪವಾಗಿದ್ದವು, ಒಂದೊಂದನ್ನೂ ಎಳೆದೆಳೆದು ಬಿಡಿಸಬೇಕಾಯಿತು. ಬಹಳ ಹೊತ್ತು ಹಿಡಿಯಿತು. ಯಾರೂ ಬರಲಿಲ್ಲ, ಅವಳೂ ಕರೆಯಲಿಲ್ಲ.